ನಿದ್ದೆ ಬರಿಸುವ ಕೈಗುಣ

ಬೆಂಗಳೂರಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಸಂಜೆಯ ರೈಲಿನಲ್ಲಿ ಬಂಗಾರಪೇಟೆಗೆ ಮರಳುತ್ತಿದ್ದೆ. ಎದುರು ಸೀಟಿನಲ್ಲಿ ಬಂಗಾರಪೇಟೆಯಿಂದಾಚೆಯ ಊರಿಗಾಂನ ರತ್ನಮ್ಮ, ದಿನಾ ಜೊತೆಗೆ ಓಡಾಡುವವರು, ಮೊಬೈಲ್ ನೋಡಿ ನಗುತ್ತಿದ್ದರು.

“ಏನಮ್ಮಾ ಅದು?”

“ಯಾರೋ ಬೆಂಗ್ಳೂರು ಡಾಕ್ಟ್ರಮ್ಮ ಬ್ಲಾಗಲ್ಲಿ ಬರ್ದವ್ರೆ ಮೇಡಂ. ಪೇಷೆಂಟ್ ಕತೆ, ಪಾರ್ಕು, ದೋಸೆ... ಒತ್ತು ಓಗಿದ್ದೇ ಗೊತ್ತಾಗಲ್ಲ.”

ಬಗ್ಗಿ ನೋಡಿದರೆ ನನ್ನ ಕ್ಲಾಸ್‌ಮೇಟ್! ಮೆಡಿಕಲ್ ಕಾಲೇಜಿನಲ್ಲಿ ನನ್ನ ರೆಕಾರ್ಡ್ ನೋಡಿ ಕಾಪಿ ಹೊಡೆದವಳು.

“ನಾನೂ ಬರೀತೀನಿ. ಲಿಂಕ್ ಕಳಿಸಿದ್ದೆನಲ್ಲ?”

“ಅದ್ನ ಮರೀತೀನಾ? ಮಾತ್ರೆ ನುಂಗಿದ್ರೂ ನಿದ್ದೆ ಬತ್ತಿರ್ಲಿಲ್ಲ. ಈಗ ಮಲಗೋಕೆ ಮುಂಚೆ ನಿಮ್ದು ಓದ್ತೀನಿ, ಎರಡೇ ಸಾಲಿಗೆ ಕಣ್ಣು ಮುಚ್ಕೊಂತದೆ. ಒಳ್ಳೇ ಕೈಗುಣ ನಿಮ್ದು!”

ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ನನ್ನ ಕೈಗುಣ ಹೊಗಳಿದವರು ಇವರೊಬ್ಬರೇ.

ಅವಳು ಅಂಥಾದ್ದೇನು ಬರೆದಿದ್ದಾಳೋ, ತಪ್ಪು ಹುಡುಕೋಣವೆಂದು ನನ್ನ ಮೊಬೈಲಿನಲ್ಲಿ ಅವಳ ಬ್ಲಾಗ್ ತೆರೆದೆ. ಒಂದು ಮುಗಿಸಿ ಇನ್ನೊಂದು, ಅದಾದ ಮೇಲೆ ಮತ್ತೊಂದು. ಕೊನೆಗೆ ರತ್ನಮ್ಮ ಭುಜ ಅಲ್ಲಾಡಿಸಿದರು.

“ಮೇಡಂ, ಊರಿಗಾಂ ಬಂತು! ಬಂಗಾರಪೇಟೆ ಯಾವಾಗ್ಲೋ ಓಯ್ತು, ನಾನೂ ಓದ್ತಾ ನೋಡ್ಲೇ ಇಲ್ಲ. ತೂಕಡಿಸ್ತಿದ್ರಾ? ನಿಮ್ದೇ ಓದ್ತಿದ್ರಾ?”

ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿ, “ಹೂಂ, ನಂದೇ” ಎಂದೆ.