ಬೆನ್ನ ಮೇಲಿನ ಬಿ.ಎ.

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನಾನು ಎಲ್ಲಿಗೆ ಹೋದರೂ ನನ್ನ ಬಿ.ಎ. ಪದವಿಯ ಅಸಲು ಪ್ರಮಾಣಪತ್ರ ಜೊತೆಗೆ ಬರುತ್ತದೆ. ಮದುವೆಗೂ ಬಂದಿತ್ತು, ಹೆರಿಗೆಗೂ ಬಂದಿತ್ತು. ಫಸ್ಟ್ ಕ್ಲಾಸಾಗಿದ್ದರೆ ಗತ್ತು ಎನ್ನಬಹುದಿತ್ತು. ಇದು ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಪಾಸಾದ ಥರ್ಡ್ ಕ್ಲಾಸು.

ಈ ರೂಢಿ ಅಪ್ಪನದು. ಬಾಗಲಕೋಟೆ ಕಡೆಯಿಂದ ನಾಗಪುರಕ್ಕೆ ಬಂದು ರೈಲು ಹಳಿಯ ಮೇಲೆ ದುಡಿದ ಅಪ್ಪ ಹೆಬ್ಬೆಟ್ಟಿನ ಮನುಷ್ಯ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅದು ಬಂದ ವರ್ಷ ಕ್ವಾರ್ಟರ್ಸು ಸೋರುತ್ತಿತ್ತು. ಊರಿಗೆ ಹೊರಟರೆ ಅಪ್ಪ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ. "ಕೂಸನ್ನ ಒಂದನ್ನ ಮನ್ಯಾಗ ಬಿಟ್ಟು ಹೊಕ್ಕಾರೇನವ್ವಾ?" ಎನ್ನುತ್ತಿದ್ದ. ಅಪ್ಪ ಹೋದ ಮೇಲೆ ಕೂಸು ನನ್ನ ಪಾಲಿಗೆ ಬಂತು.

ಹೋದ ಚಳಿಗಾಲದಲ್ಲಿ ಮಗಳು ಸ್ಫೂರ್ತಿ ಹಟ ಹಿಡಿದಳು. ಎಂಟು ದಿನ, ಬರೀ ಬಸ್ಸಿನಲ್ಲೇ ಸಾತ್ಪುಡಾ ಬೆಟ್ಟ ಹತ್ತಿಳಿದು, ನರ್ಮದೆಯ ಹಿನ್ನೀರಿನ ನಡುಗಡ್ಡೆಗಳನ್ನು ನೋಡಿ ಬರುವುದು. ಸೀತಾಬರ್ಡಿ ಪೇಟೆಯಲ್ಲಿ ಕೊಂಡ ಬೆನ್ನುಚೀಲದ ತಳ ಸೇರಿದ್ದು ಮೊದಲು ಪದವಿ, ಆಮೇಲೆ ಸೀರೆ. ಹಿಂದಿನವರು ಕಾಶಿಗೆ ಹೊರಟರೆ ಮನೆಯ ಆಸೆ ಬಿಟ್ಟು ಹೊರಡುತ್ತಿದ್ದರಂತೆ. ನಾವು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತೇವೆ.

ಎರಡನೆಯ ಬಸ್ಸಿನಲ್ಲಿ ತಿನ್ನಲು ಚಿವಡಾ ಹುಡುಕಲು ಹೋಗಿ ಸ್ಫೂರ್ತಿ ಪ್ರಮಾಣಪತ್ರವನ್ನು ಹೊರಗೆಳೆದಳು.

"ಅವ್ವಾ, ಪಾಗಲ್ ಆಗಿಯೇನ? ಮೊಬೈಲ್‌ನ್ಯಾಗ ಫೋಟೋ ಐತಲ್ಲ!"

"ಫೋಟೋದಾಗಿನ ಛತ್ರಿ ಹಿಡಕೊಂಡು ಮಳ್ಯಾಗ ಹೊಕ್ಕಿಯೇನ? ಒಳಗಿಡು."

ಘಟ್ಟದ ಬಸ್ಸು ಮರ್ಯಾದೆಯನ್ನು ಬೇಗ ಕಳೆಯುತ್ತದೆ. ಮೊದಲ ತಿರುವಿನಲ್ಲಿ ಪಕ್ಕದವರ ಮೇಲೆ ಬಿದ್ದು ಕ್ಷಮೆ ಕೇಳುತ್ತೀರಿ, ಐದನೆಯದರಲ್ಲಿ ಕೇಳುವುದಿಲ್ಲ, ಹತ್ತನೆಯದರಲ್ಲಿ ಅವರ ಹೆಗಲ ಮೇಲೆ ನಿದ್ದೆ ಹೋಗಿರುತ್ತೀರಿ. ಕಡಿದಾದ ಕಣಿವೆ, ಎಲೆ ಉದುರಿದ ತೇಗ, ಕಪ್ಪು ಬಂಡೆ ಎಲ್ಲವನ್ನೂ ನಾನು ಚೀಲ ತಬ್ಬಿಕೊಂಡೇ ನೋಡಿದೆ.

ಏಳನೆಯ ದಿನ ಬೆಳಿಗ್ಗೆ ದೋಣಿ ಹತ್ತಿದೆವು. ಅಂಬಿಗ ನನ್ನ ಚೀಲವನ್ನು ಅಕ್ಕಿ ಮೂಟೆ, ಎಣ್ಣೆ ಡಬ್ಬಗಳ ಜೊತೆ ಹಿಂದೆ ಇಟ್ಟ. ಬೆನ್ನು ಹಗುರಾದ ಸುಖ ಎಂಥದ್ದೆಂದರೆ, ನಡುಗಡ್ಡೆಯಲ್ಲಿ ಕೈಬೀಸಿಕೊಂಡು ಇಳಿದುಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ದೋಣಿ ಬೊಟ್ಟಿನಷ್ಟಾಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಮುಂದಿನ ನಡುಗಡ್ಡೆಗಳಲ್ಲಿ ಸಾಮಾನು ಇಳಿಸಿ ಅವನು ಬರುವುದು ಮಧ್ಯಾಹ್ನಕ್ಕೆ. ಯಾವ ಮೂಟೆಯ ಜೊತೆ ಯಾವ ದಡದಲ್ಲಿ ನನ್ನ ಕೂಸು ಇಳಿಯುವುದೋ!

ನಾನು ನೀರಿನಂಚಿನಲ್ಲಿ ಕುಕ್ಕರಿಸಿದೆ. ಅಲ್ಲಿ ಬಲೆ ಒಣಹಾಕುತ್ತಿದ್ದ ಕಮಲಾಬಾಯಿ ಎಂಬ ಹೆಂಗಸು ತನ್ನ ಹಿಂದಿಯಲ್ಲಿ ಕೇಳಿದಳು, "ಯಾಕೆ ತಾಯಿ, ಚೀಲದಲ್ಲಿ ಬಂಗಾರವಿತ್ತೇ?"

"ಅವ್ವನ ಡಿಗ್ರಿ ಇತ್ತು," ಎಂದಳು ಸ್ಫೂರ್ತಿ, ನಗು ತಡೆದುಕೊಂಡು.

ಕಮಲಾಬಾಯಿ ನಗಲಿಲ್ಲ. ಗುಡಿಸಲಿಗೆ ಹೋಗಿ ತಗಡಿನ ಡಬ್ಬಿ ತಂದಳು. ಅದರೊಳಗೆ ಪ್ಲಾಸ್ಟಿಕ್ಕು, ಅದರೊಳಗೆ ಮತ್ತೊಂದು ಪ್ಲಾಸ್ಟಿಕ್ಕು, ಕೊನೆಗೊಂದು ಹಳದಿಯಾದ ಕಾಗದ. ಅವಳ ಹೊಲದ ಪತ್ರ. ಅಣೆಕಟ್ಟಾದಾಗ ಊರು, ಹೊಲ ಎಲ್ಲ ಮುಳುಗಿ, ಗುಡ್ಡದ ನೆತ್ತಿ ಮಾತ್ರ ಉಳಿದು ಈ ನಡುಗಡ್ಡೆಯಾಗಿತ್ತು. ಹೊಲ ಎಲ್ಲಿದೆ ಎಂದು ಕೇಳಿದರೆ ನೀರಿನತ್ತ ಬೆರಳು ತೋರಿಸಿದಳು.

"ಕಚೇರಿಯವರು ನೋಡಿ ನೋಡಿ ವಾಪಸ್ ಕೊಟ್ಟರು. ಯಾರೂ ಓದಿ ಹೇಳಲಿಲ್ಲ. ನೀನು ಕಲಿತವಳಲ್ಲ, ಓದು."

ನನ್ನ ಕಾಗದ ಕೈಲಿಲ್ಲದಿದ್ದರೂ ಅವಳು ನನ್ನನ್ನು ಕಲಿತವಳು ಎಂದಳು. ನಾನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಮಾವನ ಹೆಸರು ಬಂದಾಗ ಅವಳು ಸೆರಗು ತಲೆಗೆಳೆದುಕೊಂಡಳು. ಆಮೇಲೆ ಚಕ್ಕುಬಂದಿ ಬಂತು, ಹೊಲದ ನಾಲ್ಕು ದಿಕ್ಕಿನ ಎಲ್ಲೆ. ಮೂಡಲಿಗೆ ಮೈದುನನ ಹೊಲ. "ಹೌದು ಹೌದು, ಬದುವಿನ ಮೇಲೆ ಹಿಪ್ಪೆ ಮರ ಇತ್ತು," ಎಂದಳು. ಪಡುವಲಿಗೆ ಹಳ್ಳ. "ಅಲ್ಲೇ ಬಟ್ಟೆ ಒಗೆಯುತ್ತಿದ್ದದ್ದು." ಒಂದೊಂದು ಸಾಲಿಗೂ ಅವಳ ಹೊಲ ನೀರಿನಿಂದ ಗೇಣುಗೇಣಾಗಿ ಮೇಲೆದ್ದು ಬರುತ್ತಿತ್ತು. ಪರೀಕ್ಷೆಯಲ್ಲಿ ಕೂಡ ನಾನು ಇಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

"ಅವ್ವಾ! ಚೀಲ ಬಂತು, ಅವ್ವಾ! ಜಲ್ದಿ ಬಾ!" ಸ್ಫೂರ್ತಿ ನೀರಿನಲ್ಲಿ ಮೊಣಕಾಲುದ್ದ ನಿಂತು ಕೂಗುತ್ತಿದ್ದಳು. ಅಂಬಿಗ ನನ್ನ ಚೀಲವನ್ನು ತಲೆಯ ಮೇಲೆ ಹೊತ್ತು ಇಳಿಯುತ್ತಿದ್ದ, ಒಂದು ಹನಿಯೂ ತಾಗದಂತೆ. ಬೆಳಗಿನಿಂದ ಹಿಡಿದಿದ್ದ ಉಸಿರು ಒಮ್ಮೆಲೇ ಬಿಟ್ಟೆ. ಆದರೆ ಏಳಲಿಲ್ಲ.

"ತಡಿಯ, ಸ್ಫೂರ್ತಿ," ಎಂದೆ. "ಇನ್ನ ಎರಡ ದಿಕ್ಕು ಓದೂದೈತಿ."