ಎಕ್ಸ್‌ಚೇಂಜಮ್ಮ ಕಾದ ಲೈನು

ಅವರ ನೆತ್ತಿಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ಗೆರೆಯಾಗಿ ತಗ್ಗಿತ್ತು. ಎಣ್ಣೆ ಹಚ್ಚಿದರೂ, ತಲೆಗೆ ನೀರು ಹಾಕಿಕೊಂಡು ಬಿಸಿಲಲ್ಲಿ ಕೂದಲು ಹರಡಿ ಕೂತರೂ ಆ ಗೆರೆ ಮೇಲೇಳುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನಿನ ಪಟ್ಟಿ ಕೂತ ಜಾಗ ಅದು. ಶ್ರೀನಿವಾಸಪುರದಲ್ಲಿ ಆಪರೇಟರಾಗಿ ಸೇರಿ ಮುಳಬಾಗಿಲಿನಲ್ಲಿ ನಿವೃತ್ತರಾಗುವ ಹೊತ್ತಿಗೆ ಆ ಪಟ್ಟಿಗಳೆಲ್ಲ ಗುಜರಿಗೆ ಹೋಗಿ, ತಾವೇ ಲೈನ್ ಕೊಟ್ಟುಕೊಳ್ಳುವ ಯಂತ್ರಗಳು ಬಂದಿದ್ದವು. ಗೆರೆ ಮಾತ್ರ ಅವರ ಜೊತೆಯಲ್ಲೇ ಮನೆಗೆ ಬಂತು. ನಮ್ಮ ಬೀದಿಗೆಲ್ಲ ಅವರು ಎಕ್ಸ್‌ಚೇಂಜಮ್ಮ.

ಅವರದು ನಮ್ಮ ಪಕ್ಕದ ಮನೆ, ನಡುವೆ ಎದೆಮಟ್ಟದ ಗೋಡೆ. ಬಾಗಿಲು ಯಾರು ತಟ್ಟಿದರೂ ಒಳಗಿನಿಂದ ಮೂರು ಪ್ರಶ್ನೆ ಬರುತ್ತಿತ್ತು: "ಯಾರು? ಎಲ್ಲಿಂದ? ಯಾರು ಬೇಕು?" ಮೂರಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಚಿಲಕ ಸರಿಯುತ್ತಿತ್ತು. ದಿನಾ ಹಾಲು ಹಾಕುವವನೂ ದಿನಾ ಹೆಸರು ಹೇಳಬೇಕು. ಯಲ್ದೂರಿನಿಂದ ಮಾವಿನಕಾಯಿ ಚೀಲ ಹೊತ್ತು ಬರುವ ಸ್ವಂತ ತಂಗಿಯೂ ಹೇಳಬೇಕು. ತಂಗಿ ಬೇಕೆಂದೇ ಬೇರೆ ಯಾರದೋ ಹೆಸರು ಹೇಳುತ್ತಿದ್ದರು. "ಹೆಸರು ಏನಾದ್ರೂ ಹೇಳ್ಕೊ, ದನಿ ನಿಂದೇ," ಎಂದು ಇವರು ಬಾಗಿಲು ತೆಗೆಯುತ್ತಿದ್ದರು. ಮಾವಿನ ಕಾಲದಲ್ಲಿ ಮದ್ರಾಸಿಗೂ ಬೊಂಬಾಯಿಗೂ ಟ್ರಂಕ್ ಕಾಲ್ ಬುಕ್ ಮಾಡುವ ಮಂಡಿಯವರಲ್ಲಿ ಒಬ್ಬರ ಹೆಸರು ಹೇಳಿ ಇನ್ನೊಬ್ಬರು ರೇಟು ತಿಳಿಯಲು ನೋಡುತ್ತಿದ್ದರಂತೆ. ದನಿ ಗುರುತಿಸಿ ಲೈನ್ ತಪ್ಪಿಸಿದ್ದನ್ನು ಅವರು ನಮಗೆ ಎಷ್ಟೋ ಸಲ ಹೇಳಿದ್ದರು. ಹೇಳುವಾಗಲೆಲ್ಲ ಮುಖದಲ್ಲಿ ಒಂದು ಠೀವಿ ಬರುತ್ತಿತ್ತು.

ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಓಡಾಡುವುದು ನನಗೆ ಕಷ್ಟವಲ್ಲ. ಕೋಲಾರದ ಬಸ್ಸಿನ ಮೆಟ್ಟಿಲು ಮಾತ್ರ ಕಷ್ಟ. ಮನೆಯಲ್ಲೇ ಕೂತು ಡಿಗ್ರಿ ಓದಿದೆ, ಮನೆಯಲ್ಲೇ ಕೂತು ಕನ್ನಡ ಟೈಪಿಂಗ್ ಕಲಿತೆ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಅಲ್ಲಿ ಹೊಸದು ಬಂದಾಗ ಹಳೆಯ ಕಂಪ್ಯೂಟರನ್ನು ಕೇಳಿ ತಂದುಕೊಟ್ಟರು. ಕೀಲಿಮಣೆಯ ಸಂದುಗಳಲ್ಲಿ ಹೆಂಚಿನ ಕೆಂಪು ಧೂಳು ಇನ್ನೂ ಇತ್ತು. ಶಾಲೆಯ ಗೈಡುಗಳನ್ನು ಅಚ್ಚು ಹಾಕುವ ಬೆಂಗಳೂರಿನ ಒಬ್ಬ ಪ್ರಕಾಶಕರು ನನಗೆ ಟೈಪಿಂಗ್ ಕೆಲಸ ಕೊಡಲು ಒಪ್ಪಿದರು. ಮುಗಿದದ್ದನ್ನು ಈಮೇಲಿನಲ್ಲಿ ಕಳಿಸಬೇಕಿತ್ತು. ಆಗಿನ ಇಂಟರ್ನೆಟ್ಟಿಗೆ ಟೆಲಿಫೋನ್ ಲೈನು ಬೇಕು, ನಮ್ಮ ಮನೆಯಲ್ಲಿ ಟೆಲಿಫೋನೇ ಇರಲಿಲ್ಲ. ಎಕ್ಸ್‌ಚೇಂಜಮ್ಮ ಯಾರನ್ನೂ ಕೇಳದೆ ಒಬ್ಬ ಲೈನ್‌ಮನ್‌ನನ್ನು ಕರೆಸಿ, ತಮ್ಮ ಮನೆಯಿಂದ ಕರಿಬೇವಿನ ಗಿಡದ ಮೇಲೆ ಹಾಯಿಸಿ ನನ್ನ ಕಿಟಕಿಗೆ ವೈರು ಎಳೆಸಿದರು. "ಇದು ನನ್ನ ಲೈನು. ಇದರಲ್ಲಿ ಏನು ಹೋಗುತ್ತೆ ಏನು ಬರುತ್ತೆ ನಂಗೆ ಗೊತ್ತಾಗ್ಬೇಕು," ಎಂದರು. ಅದೇ ಒಂದು ಷರತ್ತು.

ನನ್ನ ಜೀವನದಲ್ಲಿ ಮೊದಲ ಬಾರಿಗೆ, ಬಸ್ಸು ಹತ್ತದೆ ನನ್ನ ಕೆಲಸ ಬೆಂಗಳೂರು ಸೇರುತ್ತಿತ್ತು. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ನಾನು ಕಳಿಸಿದ ಏಳನೇ ತರಗತಿಯ ಸಮಾಜ ವಿಜ್ಞಾನದ ಜೊತೆಯಲ್ಲಿ ಒಂದು ವೈರಸ್ಸೂ ಹೋಗಿ ಪ್ರಕಾಶಕರ ಆಫೀಸಿನ ಕಂಪ್ಯೂಟರುಗಳಿಗೆಲ್ಲ ಹತ್ತಿಕೊಂಡಿತು. ಅವರು ಎಕ್ಸ್‌ಚೇಂಜಮ್ಮನ ಮನೆಗೇ ಫೋನ್ ಮಾಡಿ ನನ್ನನ್ನು ಕರೆಸಿದರು. ಬೈಯಲಿಲ್ಲ. ಇನ್ನೊಂದು ಸಲ ಹೀಗಾದರೆ ಕೆಲಸ ಕೊಡುವುದು ಕಷ್ಟ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಈ ಕೆಲಸ ಹೋದರೆ ನನ್ನ ಕಿಟಕಿಗೆ ಬೇರೆ ಯಾವ ಕೆಲಸವೂ ನಡೆದುಕೊಂಡು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಪ್ಪ ಕೋಲಾರದ ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದರು. ಒಂದು ಆಂಟಿವೈರಸ್‌ಗಿಂತ ಎರಡು ಇದ್ದರೆ ಡಬಲ್ ರಕ್ಷಣೆ ಎಂದು ಅಂಗಡಿಯವನು ಎರಡರ ಸೀಡಿ ಕೊಟ್ಟು ಕಳಿಸಿದ್ದ. ಎರಡನ್ನೂ ಹಾಕಿದೆ. ಅವು ಒಂದರ ಮೇಲೊಂದು ಅನುಮಾನಪಟ್ಟು ಜಗಳಕ್ಕೆ ಬಿದ್ದವು. ಕಂಪ್ಯೂಟರು ಒಂದು ಅಕ್ಷರ ಮೂಡಿಸಲು ಆಕಳಿಸುತ್ತಿತ್ತು. ಗೋಡೆಯಾಚೆಯಿಂದ ನೋಡುತ್ತಿದ್ದ ಎಕ್ಸ್‌ಚೇಂಜಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು. ಎಕ್ಸ್‌ಚೇಂಜಿನಲ್ಲಿ ಒಂದು ಬೋರ್ಡಿಗೆ ಇಬ್ಬರು ಆಪರೇಟರ್ ಕೂತರೆ ಯಾವ ಲೈನೂ ಸಿಗುವುದಿಲ್ಲ, ಒಂದನ್ನು ಈಗಲೇ ತೆಗೆ ಎಂದರು. ಯಾವುದನ್ನು ತೆಗೆಯಲಿ ಎಂದು ಕೇಳಿದೆ. ಅದು ನಾಳೆ ಗೊತ್ತಾಗುತ್ತದೆ ಎಂದರು.

ಆಂಟಿವೈರಸ್ ಹೇಗೆ ಆರಿಸಬೇಕೆಂದು ಕಂಪ್ಯೂಟರ್ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ನಮ್ಮ ಎಕ್ಸ್‌ಚೇಂಜಮ್ಮ ಆರಿಸಿದ ರೀತಿಯನ್ನು ಯಾವ ಪತ್ರಿಕೆಯೂ ಬರೆದಿರಲಿಕ್ಕಿಲ್ಲ. ಸೀಡಿಗಳ ಕವರಿನ ಮೇಲಿದ್ದ ಸಹಾಯವಾಣಿಯ ನಂಬರುಗಳಿಗೆ ಅವರು ಫೋನ್ ಮಾಡಿದರು, ಅಷ್ಟೆ. ಒಂದು ಕಡೆ ಸಂಗೀತ ಬಂತು. ಸಂಗೀತ ಮುಗಿದು ಮತ್ತೆ ಅದೇ ಸಂಗೀತ ಬಂತು. ಅವರು ರಿಸೀವರನ್ನು ಮಡಿಲಲ್ಲಿಟ್ಟುಕೊಂಡು ಹುರುಳಿಕಾಯಿ ಸೋಸಿ ಮುಗಿಸಿದರೂ ಯಾರೂ ಮಾತಾಡಲಿಲ್ಲ. ಇನ್ನೊಂದು ಕಡೆ ಒಬ್ಬ ಹುಡುಗಿ ತಕ್ಷಣ ಎತ್ತಿಕೊಂಡು ತನ್ನ ಹೆಸರು ಹೇಳಿದಳು. ಇವರು ಕೇಳಿದ್ದಕ್ಕೆ ಅವಳಿಗೆ ಉತ್ತರ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡು ಮಧ್ಯಾಹ್ನ ನಾನೇ ಮಾಡುತ್ತೇನೆ ಎಂದಳು. ಮಧ್ಯಾಹ್ನ ಫೋನ್ ಬಂತು.

"ಇದನ್ನ ಇಟ್ಕೊ," ಎಂದು ಆ ಸೀಡಿಯನ್ನು ನನ್ನ ಕೈಗೆ ಕೊಟ್ಟರು. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂದ್ಳು. ಮಾಡ್ತೀನಿ ಅಂದ್ಳು, ಮಾಡಿದ್ಳು. ಇನ್ನೇನು ಬೇಕು ನಿಂಗೆ?"

ಫೈರ್‌ವಾಲ್ ಆರಿಸುವುದು ಇನ್ನೂ ಸುಲಭವಾಯಿತು. ಕಂಪ್ಯೂಟರಿನಿಂದ ಹೊರಗೆ ಹೋಗುವುದನ್ನೂ ಒಳಗೆ ಬರುವುದನ್ನೂ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವ ಸಾಫ್ಟ್‌ವೇರ್ ಅದು ಎಂದು ನಾನು ವಿವರಿಸಿದಾಗ ಅವರ ಕಣ್ಣು ಹೊಳೆಯಿತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಯಾರನ್ನೂ ಕೇಳದೆ ಎಲ್ಲವನ್ನೂ ತಾನೇ ತೀರ್ಮಾನಿಸುತ್ತಿತ್ತು. ಕೇಳದೆ ಲೈನ್ ಕೊಡುವುದು ಯಾವ ಸೀಮೆ ಆಪರೇಟರ್ ಎಂದು ಅದನ್ನು ತಳ್ಳಿಹಾಕಿದರು. ಇನ್ನೊಂದು ಪ್ರತಿಯೊಂದಕ್ಕೂ ಪರದೆಯ ಮೂಲೆಯಲ್ಲಿ ಒಂದು ಚೌಕ ತೆರೆದು, ಇಂಥ ಪ್ರೋಗ್ರಾಂ ಹೊರಗೆ ಹೋಗಬೇಕೆನ್ನುತ್ತಿದೆ, ಬಿಡಲೋ ಬೇಡವೋ ಎಂದು ಕೇಳುತ್ತಿತ್ತು. ಅದನ್ನು ಕಂಡ ಕೂಡಲೇ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. ತಮ್ಮ ಕೆಲಸ ತಮಗೆ ವಾಪಸ್ಸು ಸಿಕ್ಕಿದಂತೆ ಕೂತರು.

ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಅದೊಂದು ಪೂಜೆಯಾಯಿತು. ನಾನು ಇಂಟರ್ನೆಟ್ ಹಚ್ಚುವುದು, ಚೌಕ ಮೂಡುವುದು, ಅವರು ಕನ್ನಡಕ ಏರಿಸಿ ಪರದೆಗೆ ಬಾಗುವುದು. ಕೋಪ ಬಂದಾಗ ಅವರಿಗೆ ಯಲ್ದೂರಿನ ತೆಲುಗು ಬರುತ್ತಿತ್ತು. "ಎವರಮ್ಮಾ ನುವ್ವು?" ಎಂದು, ಯಾರಮ್ಮಾ ನೀನು ಎಂದು, ಒಂದು ಪ್ರೋಗ್ರಾಮನ್ನು ಗದರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಮೇಲಿನ ಹೆಸರು ಗೊತ್ತು, ಬಿಡು. ಬ್ರೌಸರ್ ಗೊತ್ತು, ಬಿಡು. ಗೊತ್ತಿಲ್ಲದ ಹೆಸರಿಗೆಲ್ಲ ಬೇಡ. ಮತ್ತೆ ಮತ್ತೆ ಬಂದು ಕೇಳುವವರಿಗೆ, ಈ ಉತ್ತರವನ್ನು ನೆನಪಿಟ್ಟುಕೋ ಎಂಬ ಜಾಗದಲ್ಲಿ ಗುರುತು ಹಾಕಿ ಶಾಶ್ವತವಾಗಿ ಬೇಡ. ಒಂದು ಪ್ರೋಗ್ರಾಮಂತೂ ದಿನಾ ಬೆಳಿಗ್ಗೆ ಬಂದು ಕಾಡುತ್ತಿತ್ತು. ಅರ್ಧ ಅಕ್ಷರ ಅರ್ಧ ಅಂಕಿ ಸೇರಿದ ವಿಚಿತ್ರ ಹೆಸರು. "ಇದೇನೋ ಕಳ್ಳನದೇ," ಎಂದು ಅದಕ್ಕೂ ಗುರುತು ಹಾಕಿಸಿದರು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ತಿಂಗಳುಗಳು ನೆಮ್ಮದಿಯಾಗಿ ಹೋದವು. ಪ್ರಕಾಶಕರು ಹತ್ತನೇ ತರಗತಿಯ ಗೈಡನ್ನು ಕೊಟ್ಟರು. ಪರೀಕ್ಷೆಗೆ ಮುಂಚೆ ಅಂಗಡಿ ಸೇರಬೇಕಾದ ಪುಸ್ತಕ. ಅದು ಮುಗಿಯುವ ಹೊತ್ತಿಗೆ ಬೈರಕೂರಿನ ಮೇಷ್ಟರೊಬ್ಬರು ಪ್ರಶ್ನೆಪತ್ರಿಕೆ ಟೈಪ್ ಮಾಡಿಸಲು ಒಂದು ಫ್ಲಾಪಿ ತಂದರು. ತೆಗೆದು ನೋಡಿದೆ. ಆಂಟಿವೈರಸ್ ಚಕಾರ ಎತ್ತಲಿಲ್ಲ. ಮಾರನೆಯ ದಿನ, ಗೈಡಿನ ಕೊನೆಯ ಪಾಠಗಳನ್ನು ಕಳಿಸಬೇಕಾದ ದಿನವೇ, ನನ್ನ ಕಡತಗಳು ತೆರೆಯುವಾಗಲೂ ಮುಚ್ಚುವಾಗಲೂ ವಿಚಿತ್ರವಾಗಿ ಆಡತೊಡಗಿದವು. ಹಳೆಯ ವೈರಸ್ ಬಂದಾಗಲೂ ಹೀಗೇ ಆಗಿತ್ತು. ಗೋಡೆಯ ಕಡೆ ತಿರುಗಿ ಎಕ್ಸ್‌ಚೇಂಜಮ್ಮನನ್ನು ಕೂಗಿದೆ.

ಎಕ್ಸ್‌ಚೇಂಜಮ್ಮ ಸಹಾಯವಾಣಿಗೆ ಫೋನ್ ಹಚ್ಚಿದರು. ಅದೇ ಹುಡುಗಿ ಸಿಕ್ಕಿದಳು. ಫೋನು ಅವರ ಪಡಸಾಲೆಯಲ್ಲಿ, ಕಂಪ್ಯೂಟರು ನನ್ನ ಕೋಣೆಯಲ್ಲಿ. ಅವರು ರಿಸೀವರಿನ ಸುರುಳಿ ವೈರನ್ನು ಎಳೆದಷ್ಟೂ ಎಳೆದು ತಮ್ಮ ಕಿಟಕಿಗೆ ಬಂದು ನಿಂತರು. ಆ ಹುಡುಗಿ ಕೇಳಿದ್ದನ್ನು ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ ಗೋಡೆಯಾಚೆಗೆ ಕೂಗಿ ಹೇಳಿದರು, ನಾನು ಕೂಗಿದ್ದನ್ನು ಹಾಗೇ ಅವಳಿಗೆ ದಾಟಿಸಿದರು. ನಡುವೆ ತಮ್ಮದೊಂದು ಮಾತು ಸೇರಿಸಲಿಲ್ಲ, ಗಾಬರಿಪಡಲಿಲ್ಲ. ಗೋಡೆಯ ಮೇಲಿನಿಂದ ಅವರ ನೆತ್ತಿಯ ಆ ಗೆರೆ ಕಾಣುತ್ತಿತ್ತು. ಅವರು ಆಪರೇಟರ್ ಕೆಲಸ ಮಾಡುವುದನ್ನು ನಾನು ನೋಡಿದ್ದು ಅವತ್ತೇ.

ಹುಡುಗಿ, ಆಂಟಿವೈರಸ್ ಕೊನೆಯದಾಗಿ ಅಪ್‌ಡೇಟ್ ಆದ ತಾರೀಕು ಓದಿ ಎಂದಳು. ಓದಿದೆ. ಅದು ಫೈರ್‌ವಾಲ್ ಹಾಕಿದ ಹಿಂದಿನ ದಿನದ್ದು. ಅಪ್‌ಡೇಟ್ ತರುವ ಪ್ರೋಗ್ರಾಮಿನ ಹೆಸರನ್ನು ಅವಳು ಒಂದೊಂದೇ ಅಕ್ಷರವಾಗಿ ಹೇಳಿದಳು. ಎಕ್ಸ್‌ಚೇಂಜಮ್ಮ ಒಂದೊಂದೇ ಅಕ್ಷರವಾಗಿ ಕೂಗಿದರು. ಅರ್ಧಕ್ಕೆ ಅವರ ದನಿ ನಿಂತಿತು. ಆ ಹೆಸರು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ದಿನಾ ಬೆಳಿಗ್ಗೆ ಬಾಗಿಲು ತಟ್ಟಿದ ಕಳ್ಳ ನಮ್ಮದೇ ಕಾವಲುಗಾರ. ಹೊಸ ವೈರಸ್ಸುಗಳ ಗುರುತು ತರಲು ಹೊರಟವನನ್ನು ನಾವೇ ಬಾಗಿಲಲ್ಲಿ ತಡೆದಿದ್ದೆವು.

ಅವರು ಫೋನಿಟ್ಟು ಗೋಡೆ ಬಳಸಿ ನಮ್ಮ ಮನೆಗೆ ಬಂದರು. ಮುಖ ಚಿಕ್ಕದಾಗಿತ್ತು. ನನ್ನ ಹೆದರಿಕೆ ಬೇರೆ. ಸಂಜೆಯೊಳಗೆ ಕಡತ ಕಳಿಸದಿದ್ದರೆ ಗೈಡು ತಡವಾಗುತ್ತದೆ, ಕಳಿಸಿದರೆ ವೈರಸ್ ಹೋಗುತ್ತದೆ. ಎರಡರಲ್ಲೂ ಕೆಲಸ ಹೋಗುತ್ತದೆ. ಹೇಗೂ ಹೋಗುವುದಾದರೆ ಕಳಿಸಿಯೇಬಿಡೋಣ, ಈ ಸಲ ಅಂಟದೆಯೂ ಇರಬಹುದು ಎಂದೆ. ಅವರು ತಲೆಯಾಡಿಸಿದರು.

"ಲೈನ್ ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳ್ಬೇಕು ಕಣೇ. ಕೆಟ್ಟ ಲೈನ್ ಕೊಟ್ರೆ ಅವ್ರು ಇನ್ನೊಂದು ಸಲ ನಿನ್ನ ನಂಬಲ್ಲ. ಯಾವಾಗ ಸರಿಹೋಗುತ್ತೆ ಅಂತ ಹೇಳು, ಆ ಹೊತ್ತಿಗೆ ನೀನೇ ಮಾಡು. ಬಾ, ನಾನೇ ಹಚ್ಚಿ ಕೊಡ್ತೀನಿ."

ಹಚ್ಚಿಕೊಟ್ಟರು. ಪ್ರಕಾಶಕರಿಗೆ ಎಲ್ಲ ಹೇಳಿದೆ, ಕಾವಲುಗಾರನನ್ನು ತಡೆದ ಕಥೆಯನ್ನೂ ಸೇರಿಸಿ. ನಾಳೆ ಮಧ್ಯಾಹ್ನ ಶುದ್ಧವಾದ ಕಡತ ಕಳಿಸುತ್ತೇನೆ, ಕಳಿಸುವ ಮೊದಲು ಫೋನ್ ಮಾಡುತ್ತೇನೆ ಎಂದೆ. ಅವರು ಸರಿ ಎಂದಷ್ಟೇ ಹೇಳಿದರು. ಆ ಸರಿಯಲ್ಲಿ ಏನಿದೆಯೋ ತಿಳಿಯದೆ ಒದ್ದಾಡಿದೆ. ಅಪ್‌ಡೇಟಿಗೆ ಬಾಗಿಲು ತೆಗೆದ ಮೇಲೆ ಆಂಟಿವೈರಸ್ ಒಂದೊಂದೇ ಕಡತ ತೊಳೆಯುತ್ತ ಹೋಯಿತು. ಎಕ್ಸ್‌ಚೇಂಜಮ್ಮ ಪಕ್ಕದಲ್ಲಿ ಕೂತು ಅದು ಮುಗಿಯುವವರೆಗೂ ಏಳಲಿಲ್ಲ. ಮಾರನೆಯ ದಿನ ಹೇಳಿದ ಹೊತ್ತಿಗೆ ಫೋನ್ ಮಾಡಿ ಕಳಿಸಿದೆ. ಸಂಜೆ ಪ್ರಕಾಶಕರೇ ಮಾಡಿದರು. ಕಡತ ಶುದ್ಧವಾಗಿದೆ ಎಂದರು. ತಮ್ಮಲ್ಲಿ ಟೈಪ್ ಮಾಡುವವರು ಹಲವರಿದ್ದರೂ ಕೆಟ್ಟಿದೆ ಎಂದು ಮುಂಚೆಯೇ ಹೇಳಿದ್ದು ನೀವೊಬ್ಬರೇ ಎಂದರು. ಮುಂದಿನ ವರ್ಷದ ಪುಸ್ತಕಗಳೆಲ್ಲ ನನಗೇ ಎಂದರು. ನಾನು ಅಲ್ಲೇ, ಎಕ್ಸ್‌ಚೇಂಜಮ್ಮನ ಪಡಸಾಲೆಯಲ್ಲೇ ಅತ್ತುಬಿಟ್ಟೆ. ಅವರು ನೀರು ತಂದುಕೊಟ್ಟು, ಅಳುವುದಾದರೆ ರಿಸೀವರ್ ಸರಿಯಾಗಿ ಇಟ್ಟು ಅಳು ಎಂದರು.

ಕಾವಲುಗಾರನನ್ನೇ ತಡೆದ ಆ ತಪ್ಪನ್ನು ಅವರು ಮರೆಯಲಿಲ್ಲ. ನಾನು ಕಾಫಿ ಲೋಟ ಹಿಡಿಯುವ ಮೊದಲೇ ಗೋಡೆಯಾಚೆಯಿಂದ ದನಿ ಬರುತ್ತಿತ್ತು: "ಲೇ, ಅದಕ್ಕೆ ಲೈನ್ ಕೊಟ್ಟ್ಯಾ?" ಅದಕ್ಕೆ ಅಂದರೆ ಅಪ್‌ಡೇಟಿಗೆ. ಕೊಟ್ಟೆ ಎನ್ನುವವರೆಗೂ ಕೇಳುತ್ತಿದ್ದರು. ಬ್ರಾಡ್‌ಬ್ಯಾಂಡ್ ಬಂದು, ಅಪ್‌ಡೇಟ್ ತಾನಾಗೇ ಆಗಿ, ಕರಿಬೇವಿನ ಮೇಲಿನ ವೈರು ಬರಿದೇ ತೂಗುವ ಕಾಲಕ್ಕೂ ಅವರು ಕೇಳಿದರು, ನಾನು ಕೊಟ್ಟೆ ಎಂದೆ.

ಅವರು ಕೋಲಾರದ ಆಸ್ಪತ್ರೆ ಸೇರಿದಾಗ ನಾನು ಬಸ್ಸಿನಲ್ಲೇ ಹೋದೆ. ಮೆಟ್ಟಿಲು ಹತ್ತುವಾಗ ಕಂಡಕ್ಟರ್ ಕೈ ಚಾಚಿದ, ಹಿಡಿದುಕೊಂಡೆ. ಅವರು ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು. ಆಮೇಲೆ ನನ್ನ ಕಾಲನ್ನು ನೋಡಿ, ಬಸ್ಸಲ್ಲಿ ಬಂದ್ಯಾ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಬರುವ ಮುಂಚೆ ಅದಕ್ಕೆ ಲೈನ್ ಕೊಟ್ಟ್ಯಾ ಎಂದರು. ಕೊಟ್ಟೆ ಎಂದೆ. ಹಾಗಾದರೆ ಸರಿ ಎಂದು ಕಣ್ಣು ಮುಚ್ಚಿದರು. ನಮ್ಮಿಬ್ಬರ ನಡುವೆ ಆದ ಕೊನೆಯ ಮಾತು ಅದೇ.

ಈಗ ನಮ್ಮ ಪಡಸಾಲೆಯಲ್ಲಿ ಇನ್ನೂ ಕೆಲವು ಹೆಂಗಸರು ನನ್ನ ಜೊತೆ ಕೂತು ಟೈಪ್ ಮಾಡುತ್ತಾರೆ. ಕೆಲಸ ಬೆಂಗಳೂರಿನಿಂದ ಬರುತ್ತದೆ, ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಎಕ್ಸ್‌ಚೇಂಜಮ್ಮನ ಟೆಲಿಫೋನ್ ನಂಬರನ್ನು ಅವರ ತಂಗಿ ನನ್ನ ಹೆಸರಿಗೆ ಮಾಡಿಸಿಕೊಟ್ಟರು. ಅದು ಬಡಿದುಕೊಂಡಾಗ ಎತ್ತುವವಳು ನಾನೇ. ಯಾರು, ಎಲ್ಲಿಂದ, ಯಾರು ಬೇಕು ಎಂದು ಕೇಳುತ್ತೇನೆ. ಅಪರೂಪಕ್ಕೊಮ್ಮೆ ಅವರ ಜೊತೆ ಕೆಲಸ ಮಾಡಿದ ವಯಸ್ಸಾದ ದನಿಯೊಂದು, ಸುದ್ದಿ ತಿಳಿಯದೆ, ಅವರನ್ನೇ ಕೇಳುತ್ತದೆ. ಅವರು ಕಲಿಸಿದಂತೆ ನಿಜವನ್ನೇ ಹೇಳುತ್ತೇನೆ. ಆಮೇಲೆ ಫೋನಿಡಬೇಡಿ ಎಂದು ಕೇಳಿಕೊಂಡು, ಕುರ್ಚಿ ಎಳೆದು ಕೂತು, ಅವರು ಬೋರ್ಡಿನ ಮುಂದೆ ಹೇಗಿದ್ದರು, ಹೇಳಿ ಎನ್ನುತ್ತೇನೆ.