ಮಣ್ಣು ಕಾಣದ ಕುದುರೆ

ಸಿನಿಮಾ ನೋಡಿ ಅತ್ತರೆ ಯಾರೂ ಏನೂ ಅನ್ನುವುದಿಲ್ಲ. ಮೊಬೈಲ್ ಆಟಕ್ಕೆ ಕಣ್ಣು ತುಂಬಿದರೆ ಮಾತ್ರ ಹುಚ್ಚು ಅಂತಾರೆ. ಹುಕ್ಕೇರಿಗೆ ವರ್ಗವಾಗಿ ಬಂದ ಮೇಲೆ, ಆಫೀಸು ಬಿಟ್ಟರೆ ನನಗಿದ್ದ ಜೊತೆ ಆಟದೊಳಗಿನ ಒಂದು ಕುದುರೆ. ಮಲ್ಲ ಅಂತ ಹೆಸರಿಟ್ಟಿದ್ದೆ.

ಒಂದು ದಿನ ಗೋಕಾಕದಿಂದ ಬರುವ ಬಸ್ಸಿನಲ್ಲಿ ಆಡುತ್ತಿದ್ದಾಗ ಗುಂಡು ತಾಗಿ ಮಲ್ಲ ಸತ್ತುಹೋಯಿತು. ನಾನು ಕಣ್ಣೊರೆಸಿಕೊಂಡೆ. ಪಕ್ಕದಲ್ಲಿ ಕೂತು ಇಣುಕುತ್ತಿದ್ದ ಹಿರಿಯ ರೈತರೊಬ್ಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಮಣ್ಣು ಕೊಡೂದಿಲ್ಲೇನ್ರಿ?”

“ಇದ್ರಾಗ ಹಂಗ ಮಾಡಾಕ ಬರೂದಿಲ್ರಿ ಕಾಕಾ. ಹೊಸಾ ಕುದುರಿ ಕೊಡ್ತಾರ.”

“ನಮ್ಮ ಎತ್ತು ಸತ್ತಾಗ ಹೊಲದಾಗ ಕುಣಿ ತೋಡಿ, ಹಣಿಗೆ ಇಬತ್ತಿ ಹಚ್ಚಿ ಮಣ್ಣು ಕೊಟ್ಟೇವ್ರಿ. ಇಷ್ಟು ದಿನ ನಿಮ್ಮನ್ನ ಹೊತ್ತೈತಿ. ಹಂಗ ಬಿಟ್ಟು ಹೋಗ್ತೀರೇನು?”

ಘೋಡಗೇರಿಯಲ್ಲಿ ಇಳಿಯುವಾಗ ಅವರು, ಸಾವಿನ ಮನೆಯಿಂದ ಹೊರಡುವವರ ಹಾಗೆ, ನನ್ನ ಹೆಗಲು ಮುಟ್ಟಿದರು. ಈ ಕಡೆ ಬಂದ ಮೇಲೆ ನನ್ನನ್ನು ಒಬ್ಬರು ಮುಟ್ಟಿದ್ದು ಅದೇ ಮೊದಲು.

ಮೊಬೈಲಿನಲ್ಲಿ ಹೊಸ ಕುದುರೆ ಬಂದು ನಿಂತಿತ್ತು. ನಾನು ಹತ್ತಲಿಲ್ಲ. ಹುಕ್ಕೇರಿ ಬರುವವರೆಗೂ, ಬಸ್ಸಿನಲ್ಲಿ ಕೂತುಕೊಂಡೇ, ಆಟದೊಳಗೆ ನಡೆದು ಹೋದೆ.